ಒರತ್ತನಾಡಿನ ಚತ್ರದಲ್ಲಿ ಬಾಡಿಗೆ ಎಷ್ಟಿತ್ತು?

ಪುಟ್ಟಾ, ರಾಮೇಶ್ವರಕ್ಕೆ ಹೋಗೋ ದಾರೀಲಿ ತಂಜಾವೂರಿನ ಹತ್ತಿರದ ಒರತ್ತನಾಡಿನ ಹಳೇ ಚತ್ರದ ಫೋಟೊ ಹಾಕಿ, "ಅತ್ತೆ, ಇದು ಆಗಿನ ಕಾಲದ ಲಾಡ್ಜಾ? ಬಾಡಿಗೆ ಎಷ್ಟಿತ್ತು?" ಅಂತ ಗ್ರೂಪಲ್ಲಿ ಕೇಳಿದ್ದೀಯ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೇನೆ. ಉದ್ದ ಆಗುತ್ತೆ, ಆರಾಮಾಗಿ ಕೇಳು.

ಬಾಡಿಗೆ ಇರಲೇ ಇಲ್ಲ ಕಣೋ. ಅದು ಮುಕ್ತಾಂಬಾಳ್ ಚತ್ರ. ತಂಜಾವೂರಿನ ಮರಾಠಾ ರಾಜ ಎರಡನೇ ಸರ್ಫೋಜಿ 1800ರ ಆಸುಪಾಸಿನಲ್ಲಿ ಕಟ್ಟಿಸಿದ್ದು. ಮುಕ್ತಾಂಬಾಳ್ ಅವನಿಗೆ ತುಂಬಾ ಬೇಕಾದವಳು. ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಳು, ಸಾಯುವಾಗ ತನ್ನ ಹೆಸರಲ್ಲಿ ಒಂದು ಚತ್ರ ಕಟ್ಟಿಸು ಅಂದಳಂತೆ. ಕಟ್ಟಡದ ಬುಡದಲ್ಲಿ ಆನೆ, ಕುದುರೆ, ರಥದ ಚಕ್ರ ಕೆತ್ತಿದ್ದಾರೆ. ನೀನು ಬರೀ ಮುಂಬಾಗಿಲು ತೆಗೆದಿದ್ದೀಯ.

ಒಳಗೆ ಏನು ನಡೀತಿತ್ತು ಅನ್ನೋದು ಇನ್ನೂ ಚೆಂದ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಸರ್ಫೋಜಿ ಕೈಯಿಂದ ರಾಜ್ಯದ ಆಡಳಿತ ಕಿತ್ತುಕೊಂಡರು. ಅವನಿಗೆ ಉಳಿದದ್ದು ಕೋಟೆ, ಪಿಂಚಣಿ ಅಷ್ಟೆ. 1801ರಲ್ಲಿ ಅವನು ರೆಸಿಡೆಂಟಿಗೆ, ಅಂದ್ರೆ ಅಲ್ಲಿದ್ದ ಕಂಪನಿಯ ಇಂಗ್ಲಿಷ್ ಪ್ರತಿನಿಧಿಗೆ, ಒಂದು ಕಾಗದ ಬರೆದ. ಚತ್ರಗಳಿಗೆ ಬಿಟ್ಟ ಊರುಗಳ ಆದಾಯ ಮುಟ್ಟಬೇಡಿ, ನಮ್ಮ ಸೀಮೆಯನ್ನು ಜನ ಧರ್ಮರಾಜ್ಯ ಅಂತಾರೆ, ಆ ಹೆಸರೇ ನನಗೆ ದೊಡ್ಡದು ಅಂತ. ಚತ್ರಗಳು ಹೇಗೆ ನಡೀತವೆ ಅಂತಾನೂ ಅದರಲ್ಲೇ ಬಿಡಿಸಿ ಹೇಳಿದ್ದಾನೆ.

ಅಲ್ಲಿಗೆ ಬರ್ತಿದ್ದವರು ರಾಮೇಶ್ವರಕ್ಕೆ ನಡೆದು ಹೋಗೋ ಜನ. ಬ್ರಾಹ್ಮಣರಿಂದ ಪರೆಯರವರೆಗೆ ಎಲ್ಲರಿಗೂ ಊಟ. ಜೋಗಿಗಳು, ಬೈರಾಗಿಗಳು, ಜಂಗಮರು ಅಂತ ಹೆಸರು ಹಿಡಿದು ಬರೆದಿದ್ದಾನೆ. ಜಂಗಮರು ಅಂದ ಮೇಲೆ ನಮ್ಮ ಕಡೆಯವರೂ ಅಲ್ಲಿ ಉಂಡಿರಬೇಕು, ಅಲ್ವಾ? ಬೇಯಿಸಿದ್ದು ಬೇಡ ಅನ್ನೋರಿಗೆ ಅಕ್ಕಿ, ಸಾಂಬಾರ ಸಾಮಾನು ಪಡಿ ಅಳೆದು ಕೊಡ್ತಿದ್ದರು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತರು ಅಂತ ಮಾತ್ರ ಅಂದುಕೋಬೇಡ, ಜಾತಿ ಎಲ್ಲಿಗೂ ಹೋಗಿರಲಿಲ್ಲ. ಊಟ ನಡುರಾತ್ರಿವರೆಗೂ. ಆಮೇಲೆ ಗಂಟೆ ಹೊಡೆದು, ಉಣ್ಣದವರು ಯಾರಾದರೂ ಇದ್ದರೆ ಬನ್ನಿ ಅಂತ ಕೂಗಿ ಕರೀತಿದ್ದರು.

ಚತ್ರಕ್ಕೊಬ್ಬ ವೈದ್ಯ, ಹಾವು ಚೇಳಿನ ವಿಷಕ್ಕೂ ಮದ್ದು ಬಲ್ಲವನು. ದಾರೀಲಿ ಕಾಯಿಲೆ ಬಿದ್ದವರಿಗೆ ವಾಸಿ ಆಗೋವರೆಗೂ ಪಥ್ಯದ ಊಟ, ಔಷಧಿ. ಬಸುರಿಗೆ ಅಲ್ಲೇ ನೋವು ಬಂದರೆ ಹೆರಿಗೆ ಖರ್ಚು ಚತ್ರದ್ದು. ಹೆತ್ತ ಮೇಲೂ ಮೂರು ತಿಂಗಳು ಇರಬಹುದಿತ್ತು. ನಮ್ಮಲ್ಲಿ ಬಾಣಂತನಕ್ಕೆ ತವರಲ್ಲೂ ಅಷ್ಟು ದಿನ ಇಟ್ಟುಕೊಳ್ಳೋದು ಕಷ್ಟ ಈಗ! ಬಡವರ ಮಕ್ಕಳಿಗೆ ಹಾಲು. ಅಲ್ಲೇ ಸತ್ತರೆ ಅವರವರ ಪದ್ಧತಿಯಂತೆ ಸಂಸ್ಕಾರ.

ಪ್ರಯಾಣಿಕರ ಮಕ್ಕಳು ತಬ್ಬಲಿ ಆದರೆ ಚತ್ರದ ಮೇಷ್ಟ್ರ ವಶಕ್ಕೆ. ದಿನಕ್ಕೆ ಮೂರು ಹೊತ್ತು ಊಟ, ನಾಲ್ಕು ದಿನಕ್ಕೊಮ್ಮೆ ಎಣ್ಣೆ ಸ್ನಾನ, ಬಟ್ಟೆ. ಇಷ್ಟವಾದ ವಿದ್ಯೆ ಕಲಿಸಿ, ಕಲಿತ ಮೇಲೆ ಮದುವೆ ಖರ್ಚನ್ನೂ ಕೊಡ್ತಿದ್ದರು. ನನಗೆ ಜಾಸ್ತಿ ಹಿಡಿಸಿದ್ದು ಆ ಎಣ್ಣೆ ಸ್ನಾನ. ಸುಮ್ನೆ ಅನ್ನ ಹಾಕಿ ಕೈ ತೊಳಕೊಳ್ಳೋರು ಮಕ್ಕಳ ತಲೆಗೆ ಎಣ್ಣೆ ಹಚ್ಚೋಕೆ ದಿನ ಲೆಕ್ಕ ಹಾಕ್ತಾರಾ?

ಹಾಂ, ಇನ್ನೊಂದು. ಈ ವಂಶದ ಮೊದಲ ರಾಜ ಏಕೋಜಿ, ಶಿವಾಜಿಯ ಅಪ್ಪ ಶಹಾಜಿಯ ಇನ್ನೊಬ್ಬ ಮಗ. ತಂಜಾವೂರಿಗೆ ಹೋದದ್ದು ನಮ್ಮ ಬೆಂಗಳೂರಿನಿಂದಲೇ.

1855ರಲ್ಲಿ ಕೊನೆಯ ರಾಜ ತೀರಿಕೊಂಡ ಮೇಲೆ ಚತ್ರಗಳೆಲ್ಲ ಸರ್ಕಾರದ ಕೈಗೆ ಹೋದವು. ಬರ್ತಾ ಬರ್ತಾ ಊಟ ಹೋಯಿತು, ಓದು ಉಳಿಯಿತು. ಆ ಕಟ್ಟಡದಲ್ಲೇ ತುಂಬಾ ಕಾಲ ಶಾಲೆ ಹುಡುಗರ ಹಾಸ್ಟೆಲ್ ಇತ್ತು.