ಪದ ಬೇಕು, ತುರ್ತು: ತಾಲ್ಲೂಕು ಕೋರ್ಟಿನ ಬೋರ್ಡಿಗೆ ‘ಸರ್ಟಿಫೈಡ್ ಕಾಪಿ’. ನಕಲೋ, ಪ್ರತಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಕೇಸಿನ ಕಾಗದಗಳ ಕಾಪಿ ಕೊಡುವ ಕಿಟಕಿಯ ಮೇಲೆ ಹೊಸ ಬೋರ್ಡು ಬರುತ್ತಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯವರು ಕನ್ನಡ ಮಾಡಿಕೊಡಿ ಅಂದಿದ್ದಾರೆ. ಸೋಮವಾರ ಪೇಂಟರ್ ಬರುತ್ತಾರೆ. ಓದುವವರು ವಕೀಲರಲ್ಲ. ಅಪ್ಪನ ಕಾಲದ ಭಾಗದ ದಾವೆ ಏನಾಯಿತು ಅಂತ ಹುಡುಕಿಕೊಂಡು ಹಳ್ಳಿಯಿಂದ ಬಸ್ಸು ಹತ್ತಿ ಬರುವವರು.

ಇಂಗ್ಲಿಷ್ ಕರಡನ್ನು ಹೀಗೆ ತಂದಿದ್ದೇನೆ:

“ಇತ್ಯರ್ಥಗೊಂಡ ಪ್ರಕರಣಗಳ ಸಾರ್ವಜನಿಕ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಅಭಿಲೇಖಾಲಯದಿಂದ ಪಡೆಯಲು ಇಲ್ಲಿ ಅರ್ಜಿ ಸಲ್ಲಿಸುವುದು.”

ಓದುತ್ತಿದ್ದರೆ ನನಗೇ ಸುಸ್ತಾಗುತ್ತದೆ. ರೆಕಾರ್ಡ್ ರೂಮಿಗೆ ಹಾಕಿದ ‘ಅಭಿಲೇಖಾಲಯ’ ಅಂದರೆ ಅಭಿಷೇಕ ಮಾಡಿಸುವ ಕೌಂಟರ್ ಅಂದುಕೊಂಡಾರು. ‘ಪ್ರತಿ’ ಬದಲು ‘ನಕಲು’ ಹಾಕೋಣ ಅಂದರೆ ಸಮಿತಿಯಲ್ಲಿ ಒಬ್ಬರು ಒಪ್ಪುತ್ತಿಲ್ಲ. ನಕಲು ಅಂದರೆ ನಕಲಿ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಹುಡುಗರು ಮಾಡುವುದು ಅದನ್ನೇ ಅಲ್ವಾ ಅನ್ನುತ್ತಾರೆ. ಬೇಗ ಹೇಳಿ, ದಯವಿಟ್ಟು.

— ಅನುವಾದಕಿ, ತುಮಕೂರು ಕಡೆ

ಮೇಡಂ,

ಪ್ರತಿ ಸಕ್ಕದ, ಅಂದರೆ ಸಂಸ್ಕೃತ. ನಕಲು ಅರಬ್ಬಿ. ಎರಡೂ ಬೇಡ. ಕನ್ನಡದಲ್ಲೇ ‘ಪಡಿಯಚ್ಚು’ ಇದೆ. ‘ದಿಟಗೊಳಿಸಿದ ಪಡಿಯಚ್ಚು’ ಅನ್ನಿ. ರೆಕಾರ್ಡ್ ರೂಮಿಗೆ ‘ಕಡತಮನೆ’. ಕಡತ ನಮ್ಮ ಹಳೇ ಸರಕು. ಬಟ್ಟೆಗೆ ಹುಣಸೇಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದಲ್ಲಿ ಇಂದಿಗೂ ಕಡತಗಳಿವೆ. ಇಂಥ ಪದ ಮನೆಯಲ್ಲಿಟ್ಟುಕೊಂಡು ಅಭಿಲೇಖಾಲಯ ಯಾಕೆ?

— ತಿಳಿಗನ್ನಡಿಗ

> ಪ್ರತಿ ಸಕ್ಕದ… ಕನ್ನಡದಲ್ಲೇ ‘ಪಡಿಯಚ್ಚು’ ಇದೆ

ಪಡಿ ಎಂಬುದು ಪ್ರತಿಯ ತದ್ಭವ. ಬಾಗಿಲಲ್ಲಿ ಓಡಿಸಿದವನನ್ನು ಕಿಟಕಿಯಲ್ಲಿ ಒಳಗೆ ಕರೆದುಕೊಂಡಿದ್ದೀರಿ.

ನಕಲಿನ ವಿಷಯ. ಅರಬ್ಬಿಯ ‘ನಕ್ಲ್’ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಬರಹವನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ನಕಲು. ಮೋಸದ ವಾಸನೆ ಅದರಲ್ಲಿಲ್ಲ. ಜೊತೆಯ ಪದ ‘ಅಸಲು’, ಅಂದರೆ ಬೇರು. ಓ.ಎಸ್. (ಒರಿಜಿನಲ್ ಸೂಟ್) ನಂಬರಿಗೆ ‘ಅಸಲು ದಾವೆ’ ಅಂತ ಬರೆಯುತ್ತೇವಲ್ಲ, ಅದೇ. ಅಸಲು ಕೋರ್ಟಿನಲ್ಲಿರುತ್ತದೆ, ನಕಲು ಕೈಗೆ ಬರುತ್ತದೆ. ಇಷ್ಟು ಚೊಕ್ಕ ಜೋಡಿ ‘ಮೂಲ’ ಮತ್ತು ‘ಪ್ರತಿ’ಯಲ್ಲಿ ಸಿಗುವುದಿಲ್ಲ. ‘ಪ್ರತಿ’ ಅಂದರೆ ಹಳ್ಳಿಯವರಿಗೆ ಮೊದಲು ನೆನಪಾಗುವುದು ‘ಪ್ರತಿ ಸೋಮವಾರ’.

— ಮೇಷ್ಟ್ರು, ಶಿವಮೊಗ್ಗ

ಮೇಷ್ಟ್ರು ಹೇಳಿದ್ದು ಖರೆ. ಆದರೆ ಸಮಿತಿಯವರ ಅನುಮಾನವೂ ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ‘ನಕಲಿ ಮಾಡಬ್ಯಾಡ’ ಅಂದರೆ ಚೇಷ್ಟೆ ಮಾಡಬೇಡ ಅಂತ. ಹಾಗಾಗಿ ಬರೀ ‘ನಕಲು’ ಅಂತ ಬಿಡಬೇಡಿ, ಹಿಂದೆ ಒಂದು ಪದ ಇರಲಿ. ಮರಾಠಿಯವರು ‘ಖರೀ ನಕ್ಕಲ್’ ಅಂತ ಮೊಹರು ಹಾಕುತ್ತಾರೆ. ಎಂಥ ಜೋಡಿ ನೋಡಿ. ನಾವೂ ‘ಖರೇ ನಕಲು’ ಅಂದರೆ ಯಾರಿಗೆ ತಿಳಿಯುವುದಿಲ್ಲ?

— ಧಾರವಾಡದಿಂದ

ತುಮಕೂರಿನವರಿಗೆ ತಿಳಿಯುವುದಿಲ್ಲ.

— ಮೇಷ್ಟ್ರು

ಮೇಡಂ, ನಾನು ತಾಲ್ಲೂಕು ಕೋರ್ಟಿನಲ್ಲೇ ದಿನ ಕಳೆಯುವವನು. ಪದದ ಬೇರು ಯಾವ ದೇಶದ್ದಾದರೂ ಆಗಲಿ. ಕಿಟಕಿಯಲ್ಲಿ ಕೊಡುವ ಫಾರಂ ಮೇಲೆ ಏನಿದೆ ನೋಡಿ. ‘ನಕಲು ಅರ್ಜಿ’. ಗುಮಾಸ್ತರು ಕೂಗುವುದೂ ‘ನಕಲು ಯಾರದ್ದು?’ ಅಂತಲೇ. ಬೋರ್ಡಿನಲ್ಲಿ ಪಡಿಯಚ್ಚು, ಫಾರಂನಲ್ಲಿ ನಕಲು, ಬಾಯಲ್ಲಿ ಕಾಪಿ ಆದರೆ ಬಂದವರು ಮೂರು ಬೇರೆ ಬೇರೆ ವಸ್ತು ಅಂದುಕೊಂಡು ಮೂರು ಕಿಟಕಿ ಅಲೆಯುತ್ತಾರೆ.

‘ದೃಢೀಕೃತ’ ಬಿಡಬೇಡಿ. ಜೆರಾಕ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ನಕಲಿನ ಹಿಂಬದಿ ತಾರೀಖುಗಳಿರುತ್ತವೆ. ಅರ್ಜಿ ಕೊಟ್ಟದ್ದು ಯಾವತ್ತು, ನಕಲು ಸಿದ್ಧವಾದದ್ದು ಯಾವತ್ತು, ಕೈಗೆ ಕೊಟ್ಟದ್ದು ಯಾವತ್ತು. ಅದು ಅಲಂಕಾರವಲ್ಲ. ಡಿಕ್ರಿಯ (ತೀರ್ಪಿನಂತೆ ಬರೆದ ಆದೇಶದ) ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ನಕಲು ಪಡೆಯಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಅರ್ಜಿಯನ್ನೇ ತಡವಾಗಿ ಹಾಕಿದರೆ ಅದಕ್ಕಿಂತ ಹಿಂದಿನ ದಿನಗಳು ಹೋದವು ಅಂತಲೇ. ಯಾರದೋ ಹತ್ತಿರ ಜೆರಾಕ್ಸ್ ಸಿಕ್ಕಿತು ಅಂತ ನಿಶ್ಚಿಂತೆಯಿಂದ ಕೂತವರು ಆಮೇಲೆ ನಮ್ಮ ಮುಂದೆ ಅಳುತ್ತಾರೆ.

ನನ್ನ ನಿಜವಾದ ಆಕ್ಷೇಪ ಬೇರೆ. ಯಾರೂ ಮುಟ್ಟದ ‘ಸಾರ್ವಜನಿಕ ದಾಖಲೆ’ಯನ್ನು ಮೊದಲು ತೆಗೆಯಿರಿ. ಸಾರ್ವಜನಿಕ ಅಂದರೆ ಜನ ಏನು ತಿಳಿಯುತ್ತಾರೆ? ಸಾರ್ವಜನಿಕ ಶೌಚಾಲಯದ ಹಾಗೆ, ಯಾರು ಬೇಕಾದರೂ ಹೋಗಬಹುದು ಅಂತ. ಕಾನೂನಿನ ಅರ್ಥ ಅದಲ್ಲ. ಹಳೆಯ 1872ರ ಸಾಕ್ಷ್ಯ ಕಾಯ್ದೆಯಲ್ಲಿ 76ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 75 ಆಗಿದೆ. ಆ ದಸ್ತಾವೇಜನ್ನು ನೋಡುವ ಹಕ್ಕಿರುವವರಿಗೆ ಶುಲ್ಕ ಪಡೆದು ದೃಢೀಕೃತ ನಕಲು ಕೊಡಬೇಕು ಅನ್ನುತ್ತದೆ. ‘ಹಕ್ಕಿರುವವರಿಗೆ’ ಅನ್ನುವುದು ಮುಖ್ಯ. ಕೇಸಿಗೆ ಸೇರದವರು ಯಾಕೆ ಬೇಕು ಅಂತ ಅಫಿಡವಿಟ್ ಹಾಕಿ ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ ಅಂದರೂ ಆಗುವುದಿಲ್ಲ. ಕೋರ್ಟಿನ ನಿಯಮದಲ್ಲೇ ದಾರಿ ಇರುವಾಗ ಆ ದಾರಿಯಲ್ಲೇ ಬನ್ನಿ ಅಂತ 2020ರಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಬೋರ್ಡು ಎಲ್ಲರನ್ನೂ ಕರೆದು, ಕಿಟಕಿ ಅರ್ಧ ಜನರನ್ನು ವಾಪಸ್ ಕಳಿಸಿದರೆ ಬೈಸಿಕೊಳ್ಳುವವರು ಗುಮಾಸ್ತರು.

— ವಕೀಲ, ಹಾವೇರಿ ಜಿಲ್ಲೆ

ವಕೀಲರೇ, ಇದು ನನಗೆ ಹೊಸ ವಿಷಯ. ನಾನಿರುವ ಅಮೆರಿಕದ ಓಹಾಯೊ ರಾಜ್ಯದಲ್ಲಿ 88 ಕೌಂಟಿಗಳಿವೆ. ಬರೀ ಜೋಳದ ಹೊಲಗಳಿರುವ ಕೌಂಟಿಯಲ್ಲೂ ಕೋರ್ಟಿನ ದಾಖಲೆ ನೋಡಿಕೊಳ್ಳುವ ಕ್ಲರ್ಕ್ ಆಫ್ ಕೋರ್ಟ್ಸ್ ಕಚೇರಿ ಇರುತ್ತದೆ. ಕೇಸಿನ ಫೈಲು ಎಲ್ಲರಿಗೂ ತೆರೆದಿದೆ ಎಂದೇ ಇಲ್ಲಿನ ನಿಯಮ ಶುರುವಾಗುತ್ತದೆ. ಮುಚ್ಚಿಡಬೇಕಾದರೆ ಅದಕ್ಕೆ ಕಾರಣ ಬೇಕು. ನೆರೆಮನೆಯವರ ಕೇಸಿನ ತೀರ್ಪನ್ನೂ ಕೇಳಿ ಪಡೆಯಬಹುದು. ಸಾರ್ವಜನಿಕ ಅನ್ನುವ ಪದ ಇಲ್ಲಿ ಸರಿಯಾಗಿ ಕೂರುತ್ತದೆ. ಅಂದ ಹಾಗೆ, ಕೌಂಟಿಗೆ ಕನ್ನಡದಲ್ಲಿ ಏನನ್ನಬಹುದು? ಜಿಲ್ಲೆ ಅಂದರೆ ದೊಡ್ಡದಾಯಿತು, ತಾಲ್ಲೂಕು ಅಂದರೆ ಚಿಕ್ಕದಾಯಿತು.

— ಓಹಾಯೊದಿಂದ

ಕೌಂಟಿಗೆ ‘ನಾಡು’. ಶಾಸನಗಳಲ್ಲಿ ಬೇಕಾದಷ್ಟಿದೆ.

— ತಿಳಿಗನ್ನಡಿಗ

ಕೌಂಟಿ ಕೌಂಟಿಯೇ. ಅದಕ್ಕೆ ಬೇರೆ ಮೇಲ್ ತೆಗೆಯಿರಿ.

— ಮೇಷ್ಟ್ರು

ಮೇಷ್ಟ್ರೇ, ನಿಮಗೆ ಯಾವ ಕನ್ನಡ ಪದ ಕಂಡರೂ ಕೋಪ. ಇಂಗ್ಲಿಷ್ ಬಂದರೆ ಸರಿ, ಅರಬ್ಬಿ ಬಂದರೆ ಸರಿ. ಕನ್ನಡದವನು ಕನ್ನಡದಲ್ಲಿ ಪದ ಕಟ್ಟಿದರೆ ಮಾತ್ರ ನಗು. ‘ತೀರ್ಪು’ ಎಲ್ಲಿಂದ ಬಂತು? ‘ತೀರ್’ ಧಾತುವಿನಿಂದ. ಅಚ್ಚಗನ್ನಡ. ಅದನ್ನು ಯಾವ ಹಳ್ಳಿಯವನೂ ಏನಪ್ಪಾ ಇದು ಅಂತ ಕೇಳಿಲ್ಲ. ಕೋರ್ಟಿನ ನುಡಿಯನ್ನು ಮೊದಲು ಪಾರಸಿಯವರು ಬರೆದರು, ಆಮೇಲೆ ಇಂಗ್ಲಿಷಿನವರು ಬರೆದರು, ಈಗ ಸಕ್ಕದದವರು ಬರೆಯುತ್ತಿದ್ದಾರೆ. ನಮ್ಮ ಸರದಿ ಯಾವಾಗ?

— ತಿಳಿಗನ್ನಡಿಗ

ಸರದಿ ಕೇಳಿದ್ದು ನ್ಯಾಯವೇ. ‘ಅಭಿಲೇಖಾಲಯ’ ಬೇಡ ಅನ್ನುವುದರಲ್ಲಿ ನಾನು ನಿಮ್ಮ ಪಕ್ಷ. ಆದರೆ ಕೋರ್ಟಿನ ಒಳಗೆ ಒಮ್ಮೆ ನಡೆದು ನೋಡಿ. ದಾವೆ, ಫಿರ್ಯಾದಿ, ವಕೀಲ, ವಕಾಲತ್ತು, ಜಾಮೀನು, ಜಪ್ತಿ, ಅಮೀನ, ರುಜು, ಮುಚ್ಚಳಿಕೆ. ಇವನ್ನೆಲ್ಲ ಕಿತ್ತರೆ ಗೋಡೆ ಮಾತ್ರ ಉಳಿಯುತ್ತದೆ. ಶಿರಸ್ತೇದಾರನನ್ನೇ ತೆಗೆದುಕೊಳ್ಳಿ. ಶಿರಸ್ಸಿನಿಂದ ಬಂದವನು ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ಪಾರಸಿಯ ‘ಸರ್’ ಮತ್ತು ‘ರಿಶ್ತಾ’, ದಾರದ ತುದಿ. ಸರಿಶ್ತೆ ಅಂದರೆ ದಾಖಲೆಗಳ ಕಚೇರಿ, ಅದನ್ನು ಕಾಯುವವನು ಸರಿಶ್ತೆದಾರ. ನೀವು ಕಡತಮನೆಗೆ ಹುಡುಕುತ್ತಿರುವ ಯಜಮಾನ ಆಗಲೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ನಾವೇ ಅವನ ಉಚ್ಚಾರ ಬದಲಿಸಿ ನಮ್ಮವನನ್ನಾಗಿ ಮಾಡಿಕೊಂಡಿದ್ದೇವೆ. ಅದೂ ಪದ ಕಟ್ಟುವ ಕೆಲಸವೇ.

ಇನ್ನು ‘ದಿಟಗೊಳಿಸಿದ’. ಸುಳ್ಳಾಗಿದ್ದದ್ದನ್ನು ದಿಟ ಮಾಡಿದ ಹಾಗೆ ಕೇಳಿಸುತ್ತದೆ. ಕೋರ್ಟಿನ ಬೋರ್ಡಿಗೆ ಶೋಭೆಯಲ್ಲ.

— ಮೇಷ್ಟ್ರು

ತಡೆಯಾಜ್ಞೆ ಅನ್ನುವ ಅರಿಸಮಾಸವನ್ನು ದಿನಾ ಪತ್ರಿಕೆಯಲ್ಲಿ ನುಂಗುವವರು ದಿಟಕ್ಕೆ ಮೂಗು ಮುರಿಯುತ್ತಾರೆ. ಇರಲಿ.

— ತಿಳಿಗನ್ನಡಿಗ

ಎಲ್ಲರಿಗೂ ಥ್ಯಾಂಕ್ಸ್. ಸಾರ್ವಜನಿಕ ತೆಗೆದೆ. ಅಭಿಲೇಖಾಲಯವನ್ನೂ ತೆಗೆದೆ. ಅರ್ಜಿ ಕೊಡುವುದು ಕಿಟಕಿಯಲ್ಲಿ ತಾನೇ, ಕಾಗದ ಯಾವ ಕೋಣೆಯಿಂದ ಬಂದರೆ ಅವರಿಗೇನು? ‘ಇತ್ಯರ್ಥ’ ಹೋಗಿ ‘ಮುಗಿದ’ ಬಂತು. ಈಗ ಹೀಗಿದೆ:

“ನಕಲು ವಿಭಾಗ. ಮುಗಿದ ಕೇಸಿನ ತೀರ್ಪು, ಡಿಕ್ರಿ, ಆದೇಶಗಳ ದೃಢೀಕೃತ ನಕಲು ಬೇಕಾದವರು ಇಲ್ಲಿ ನಕಲು ಅರ್ಜಿ ಕೊಡಿ. ಕೇಸಿನ ನಂಬರು, ವರ್ಷ, ಎರಡೂ ಕಡೆಯವರ ಹೆಸರು ಬರೆಯಿರಿ. ಕೇಸಿಗೆ ಸೇರದವರು ಕೋರ್ಟಿನ ಅಪ್ಪಣೆ ಪಡೆಯಬೇಕು.”

ಸಾಕಾ, ವಕೀಲರೇ?

— ಅನುವಾದಕಿ

ಚೆನ್ನಾಗಿದೆ. ಒಂದು ಸಾಲು ಜಾಸ್ತಿ ಹಾಕಲು ಜಾಗ ಇದ್ದರೆ: “ನಂಬರು ಗೊತ್ತಿಲ್ಲದವರು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರಿನಿಂದ ಹುಡುಕಬಹುದು.” ಅಲ್ಲಿ ಒಂದೊಂದು ಕೇಸಿಗೂ ಬೇರೆ ಬೇರೆ ಇರುವ 16 ಅಕ್ಷರದ ಸಿ.ಎನ್.ಆರ್. ನಂಬರ್ ಸಿಗುತ್ತದೆ. ಅದನ್ನೂ ಅರ್ಜಿಯಲ್ಲಿ ಬರೆದರೆ ಕೆಲಸ ಬೇಗ. ಅಪ್ಪನ ಕಾಲದ ಕೇಸು ಅದರಲ್ಲಿ ಇಲ್ಲದಿರಬಹುದು. ಅಂಥವರನ್ನು ಹಳೇ ರಿಜಿಸ್ಟರ್ ನೋಡುವ ಗುಮಾಸ್ತರ ಹತ್ತಿರ ಕಳಿಸಿ. ಅವಧಿ ಮುಗಿದ ಕಾಗದಗಳನ್ನು ನಿಯಮದ ಪ್ರಕಾರ ನಾಶ ಮಾಡುವುದೂ ಉಂಟು. ಅದನ್ನು ಬೋರ್ಡಿನಲ್ಲಿ ಬರೆಯಬೇಡಿ, ಬಾಯಲ್ಲಿ ಹೇಳಲಿ.

— ವಕೀಲ, ಹಾವೇರಿ ಜಿಲ್ಲೆ

ಕೊನೆಗೆ ‘ಅರ್ಜಿ’ಯನ್ನಾದರೂ ಬಿಡಿ. ‘ಬಿನ್ನಹ’ ಅನ್ನಿ. ವಚನಕಾರರ ಪದ. ಅಚ್ಚಗನ್ನಡ.

— ತಿಳಿಗನ್ನಡಿಗ

ವಿಜ್ಞಾಪನದ ತದ್ಭವ.

— ಮೇಷ್ಟ್ರು