ಅಮ್ಮನ ಯೂರಿನ್ ಕಲ್ಚರ್‌ನಲ್ಲಿ ಇ. ಕೋಲಿ ಬಂದಿದೆ, ತೊಂದರೆ ಏನೂ ಇಲ್ಲ. ಮಾತ್ರೆ ಬೇಕಾ?

ಕೇಳಿದವರು, ದಾವಣಗೆರೆ:
ಅಮ್ಮನಿಗೆ 74 ವರ್ಷ. ಶುಗರ್ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಹೆಲ್ತ್ ಚೆಕಪ್‌ನಲ್ಲಿ ಮೂತ್ರದಲ್ಲಿ ಪಸ್ ಸೆಲ್ಸ್ (ಕೀವಿನ ಕಣ) 10–12 ಅಂತ ಬಂತು, ಅದಕ್ಕೇ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟ್, ಮಾಡಿಸಿದೆವು. ಇ. ಕೋಲಿ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ 1 ಲಕ್ಷಕ್ಕಿಂತ ಜಾಸ್ತಿ ಅಂತ ರಿಪೋರ್ಟ್. ಉರಿ ಇಲ್ಲ, ಜ್ವರ ಇಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿದೆ. ಮೆಡಿಕಲ್ ಶಾಪಿನವರು ಐದು ದಿನದ ಆ್ಯಂಟಿಬಯಾಟಿಕ್ ಕೊಡುತ್ತೇನೆ ಅನ್ನುತ್ತಾರೆ. ನಮ್ಮ ಡಾಕ್ಟರ್ ಮಾತ್ರ "ಏನೂ ಬೇಡ ಬಿಡಿ" ಅಂದುಬಿಟ್ಟರು. ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇಟ್ಟುಕೊಂಡು ಸುಮ್ನೆ ಇರೋದು ಹೇಗೆ? ಇಂಥದ್ದು ಕಂಡವರು ಹೇಳಿ.

ಮೈಸೂರಿನಿಂದ:
ನಮ್ಮ ಅತ್ತೆಯವರದ್ದೂ ಇದೇ ಕಥೆ. ಮುಂಚಿನ ಡಾಕ್ಟರ್ ರಿಪೋರ್ಟ್ ಬಂದಾಗಲೆಲ್ಲ ಒಂದು ಕೋರ್ಸ್ ಬರೆಯುತ್ತಿದ್ದರು. ಕೋರ್ಸ್ ಮುಗಿದಾಗ ಕಲ್ಚರ್ ಕ್ಲಿಯರ್, ಸ್ವಲ್ಪ ದಿನಕ್ಕೆ ಮತ್ತೆ ಹಾಜರ್. ರಿಪೋರ್ಟಿನ ಕೆಳಗೆ ಆ್ಯಂಟಿಬಯಾಟಿಕ್ ಪಟ್ಟಿ ಇರುತ್ತಲ್ಲ, ಅದರಲ್ಲಿ 'ಎಸ್' ಇದ್ದ ಕಡೆ ಒಂದೊಂದಾಗಿ 'ಆರ್' ಬರತೊಡಗಿತು. ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಇನ್ನು ಬಗ್ಗುವುದಿಲ್ಲ. ಇದರ ಜೊತೆ ಭೇದಿ ಬೇರೆ. ಕೊನೆಗೆ ಒಬ್ಬ ಯೂರಾಲಜಿಸ್ಟ್ ಹತ್ತಿರ ಹೋದೆವು. ಅವರು ಫೈಲ್ ಪಕ್ಕಕ್ಕಿಟ್ಟು, "ಅಮ್ಮಾ, ನಿಮಗೇನು ತೊಂದರೆ?" ಅಂತ ಕೇಳಿದರು. ಅತ್ತೆ, "ಮಂಡಿನೋವು" ಅಂದರು! ಅಲ್ಲಿಗೆ ಟೆಸ್ಟೂ ನಿಂತಿತು, ಮಾತ್ರೆಯೂ ನಿಂತಿತು. ಈಗಲೂ ಆರಾಮಾಗಿದ್ದಾರೆ, ಮಂಡಿನೋವು ಬಿಟ್ಟರೆ.

ಲ್ಯಾಬ್‌ನಲ್ಲಿ ಕೆಲಸ ಮಾಡುವವರು:
ಆ 1 ಲಕ್ಷ ಎಲ್ಲಿಂದ ಬರುತ್ತೆ ಹೇಳ್ತೀನಿ. ತುದಿಯಲ್ಲಿ ಸಣ್ಣ ಬಳೆಯಿರುವ ಒಂದು ತಂತಿ ಇರುತ್ತದೆ, ಲೂಪ್ ಅನ್ನುತ್ತೇವೆ. ಅದರಲ್ಲಿ ಹಿಡಿಯುವುದು 1 ಮೈಕ್ರೋಲೀಟರ್ ಮೂತ್ರ, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಅದನ್ನು ಬ್ಯಾಕ್ಟೀರಿಯಾ ಬೆಳೆಯಲು ಆಹಾರ ಹಾಕಿದ ಪ್ಲೇಟಿನ ಮೇಲೆ ಎಳೆದು ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತೇವೆ. ಬೆಳಗ್ಗೆ ಮ್ಯಾಕ್‌ಕಾಂಕಿ ಅನ್ನುವ ಆಹಾರದ ಪ್ಲೇಟಿನಲ್ಲಿ ಗುಲಾಬಿ ಚುಕ್ಕೆ ಕಂಡರೆ ಇ. ಕೋಲಿ ಇರಬಹುದು ಅಂತ ಮುಂದಿನ ಟೆಸ್ಟ್. 100 ಚುಕ್ಕೆ ಇದ್ದರೆ ಮಿಲಿಲೀಟರಿಗೆ 1 ಲಕ್ಷ ಅಂತ ಲೆಕ್ಕ. ಪ್ಲೇಟ್ ಹೇಳುವುದು ಅಷ್ಟೇ. ರೋಗಿಗೆ ಉರಿ ಇದೆಯಾ ಇಲ್ವಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಸ್ಯಾಂಪಲ್ ತರುವ ರೀತಿಯೂ ಮುಖ್ಯ. ತೊಳೆದುಕೊಂಡು, ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಬೇಕು. ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಕೆಲವರು ಬೆಳಗ್ಗೆ ಹಿಡಿದದ್ದನ್ನು ಬ್ಯಾಗಲ್ಲಿಟ್ಟು ಮಧ್ಯಾಹ್ನ ತರುತ್ತಾರೆ. ಅಷ್ಟರಲ್ಲಿ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಹೆಚ್ಚಾಗಿರುತ್ತವೆ.

ಕೇಳಿದವರು:
ಶುಗರ್ ಇದ್ದರೂ ಬಿಡಬಹುದಾ? ನನ್ನ ಭಯ ಅದೇ.

ಹುಬ್ಬಳ್ಳಿಯ ಫಿಸಿಶಿಯನ್:
ಬಿಡಬಹುದು. ತೊಂದರೆಯಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ವಯಸ್ಸಾದ ಹೆಂಗಸರಲ್ಲಿ ತೀರಾ ಸಾಮಾನ್ಯ. ಶುಗರ್ ಇದ್ದವರಲ್ಲಿ ಇನ್ನೂ ಜಾಸ್ತಿ. ಅವರಿಗೆ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ, ಇಂಥವರಲ್ಲಿ ಹುಡುಕಲೂ ಬೇಡಿ, ಚಿಕಿತ್ಸೆಯೂ ಬೇಡ ಅನ್ನುತ್ತದೆ. ಪಸ್ ಸೆಲ್ಸ್ ಇದ್ದರೂ ಅದೇ ಮಾತು. ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಹಾಕಿ ತಿಂಗಳಾದವರಲ್ಲಿ ಹೆಚ್ಚುಕಡಿಮೆ ಎಲ್ಲರ ಕಲ್ಚರೂ ಪಾಸಿಟಿವ್ವೇ ಬರುತ್ತೆ. ಗರ್ಭಿಣಿಯರು, ಮೂತ್ರನಾಳದೊಳಗೆ ಉಪಕರಣ ಹಾಕಿ ಆಪರೇಷನ್ ಮಾಡಿಸಿಕೊಳ್ಳುವವರು, ಈ ಇಬ್ಬರ ಲೆಕ್ಕ ಬೇರೆ.

ಅಮ್ಮನಿಗೆ ಉರಿಮೂತ್ರ, ಪದೇ ಪದೇ ಅವಸರ, ಕೆಳಹೊಟ್ಟೆ ನೋವು, ಮೂತ್ರದಲ್ಲಿ ರಕ್ತ ಶುರುವಾದರೆ ಡಾಕ್ಟರಿಗೆ ತೋರಿಸಿ. ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನುನೋವು, ವಾಂತಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಕಿಡ್ನಿಗೆ ಏರಿರಬಹುದು.

ಬೆಂಗಳೂರಿನಿಂದ:
ನನ್ನದು ಉಲ್ಟಾ. ನಾಲ್ಕನೇ ತಿಂಗಳಲ್ಲಿ ಕಲ್ಚರ್ ಪಾಸಿಟಿವ್ ಬಂತು, ನನಗೂ ಏನೂ ತೊಂದರೆ ಇರಲಿಲ್ಲ. ಡಾಕ್ಟರ್ ತಕ್ಷಣ ಮಾತ್ರೆ ಬರೆದರು. ಬಸುರಿಯರಲ್ಲಿ ಹಾಗೇ ಬಿಟ್ಟರೆ ಕಿಡ್ನಿ ಸೋಂಕಿನ ಅಪಾಯ ಹೆಚ್ಚು ಅಂದರು. ಮೇಲಿನ ಮಾತು ಓದಿ ಯಾರೂ ಬಸುರಿ ಸೊಸೆಯ ಮಾತ್ರೆ ನಿಲ್ಲಿಸಬೇಡಿ, ಪ್ಲೀಸ್.

ಶಿವಮೊಗ್ಗದಿಂದ:
ನಮ್ಮ ತಂದೆ ಏನೇನೋ ಮಾತಾಡತೊಡಗಿದಾಗ ನೋಡಿದವರೆಲ್ಲ "ಯೂರಿನ್ ಇನ್ಫೆಕ್ಷನ್ ತಲೆಗೇರಿದೆ" ಅಂದರು. ಕಲ್ಚರೂ ಪಾಸಿಟಿವ್. ಆದರೆ ಜ್ವರ, ಉರಿ ಎರಡೂ ಇರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ ಕುಸಿದಿತ್ತು. ಬಿಪಿ ಮಾತ್ರೆಯ ಕಾರಣಕ್ಕೆ. ಯೂರಿನ್ ರಿಪೋರ್ಟ್ ಹಿಡಿದು ಕೂತಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ರಾಯಚೂರಿನ ಟೀಚರ್:
ನನಗೆ ನಿಜವಾದ ಇನ್ಫೆಕ್ಷನ್ನೇ ಮತ್ತೆ ಮತ್ತೆ ಬರುತ್ತಿತ್ತು. ನಮ್ಮ ಶಾಲೆಯ ಶೌಚಾಲಯದ ಅವತಾರಕ್ಕೆ ನಾವು ಟೀಚರ್‌ಗಳೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ಪದೇ ಪದೇ ಸೋಂಕಾಗುವ, ನೀರು ಕಮ್ಮಿ ಕುಡಿಯುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿಸಿದರು. ಆ ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದ ಅರ್ಧ ಜನಕ್ಕೆ 3.2 ಸಲ. ಬಾರ್ಲಿ ನೀರು, ಎಳನೀರು ಕುಡಿಯಿರಿ, ನಾನೂ ಕುಡಿಯುತ್ತೇನೆ. ಶುಗರ್, ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಕೊಂಡು. ಮುಟ್ಟು ನಿಂತ ಮೇಲೆ ಪದೇ ಪದೇ ಬರುವವರು ಈಸ್ಟ್ರೋಜನ್ ಕ್ರೀಮ್ ಬಗ್ಗೆ ಗೈನಕಾಲಜಿಸ್ಟ್ ಹತ್ತಿರ ಮಾತಾಡಿ, ಸಂಕೋಚ ಬೇಡ. ಇನ್ನೊಂದು, ನಿಜವಾಗಿ ಉರಿ ಬಂದು ಕಲ್ಚರ್ ಮಾಡಿಸುವುದಾದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಿ.