ಮನೆ ಕೊಳ್ಳುವ ಮುನ್ನ ಪತ್ರ ನೋಡಿಸಲು ವಕೀಲರನ್ನು ಆರಿಸುವುದು ಹೇಗೆ?

ಪ್ರಶ್ನೆ (ದಾವಣಗೆರೆ, ಶಿಕ್ಷಕ)

ನಾವು ದಂಪತಿ ಇಬ್ಬರೂ ಪ್ರೌಢಶಾಲಾ ಶಿಕ್ಷಕರು. ನಿಟ್ಟುವಳ್ಳಿಯಲ್ಲಿ 30×40 ನಿವೇಶನದಲ್ಲಿರುವ ಹಳೆಯ ಆರ್‌ಸಿಸಿ ಮನೆಯೊಂದನ್ನು 58 ಲಕ್ಷ ರೂಪಾಯಿಗೆ ಕೊಳ್ಳಲು ಮಾತುಕತೆ ನಡೆದಿದೆ. ನಿವೇಶನವನ್ನು ಮಾರಾಟಗಾರರ ತಂದೆ 1986ರಲ್ಲಿ ಕ್ರಯಕ್ಕೆ ಪಡೆದಿದ್ದರು. ಅವರು ತೀರಿಕೊಂಡ ಮೇಲೆ ಖಾತೆ ಹಿರಿಯ ಮಗನ ಹೆಸರಿಗೆ ಬದಲಾಗಿದ್ದು, ಇ-ಖಾತೆಯೂ ಅವರ ಹೆಸರಿನಲ್ಲಿಯೇ ಇದೆ. ಅವರ ಇಬ್ಬರು ತಂಗಿಯರು ಮದುವೆಯಾಗಿ ಬೇರೆ ಊರುಗಳಲ್ಲಿದ್ದಾರೆ.

ದಲ್ಲಾಳಿಯವರು ತಮಗೆ ಪರಿಚಯವಿರುವ ವಕೀಲರೊಬ್ಬರ ಹೆಸರು ಹೇಳಿ, ಎರಡೂ ಕಡೆಯ ಕೆಲಸವನ್ನು ಅವರೇ ನೋಡಿಕೊಳ್ಳುತ್ತಾರೆ, ನೋಂದಣಿ ಮುಗಿದ ಮೇಲೆ ಶುಲ್ಕ ಕೊಟ್ಟರೆ ಸಾಕು ಎನ್ನುತ್ತಿದ್ದಾರೆ. ಗೃಹಸಾಲ ಕೊಡುವ ಬ್ಯಾಂಕಿನ ವಕೀಲರೂ ಪತ್ರಗಳನ್ನು ನೋಡುತ್ತಾರಂತೆ. ಹೀಗಿರುವಾಗ ನಾವು ಬೇರೆ ವಕೀಲರನ್ನು ಹಿಡಿಯುವುದು ಅಗತ್ಯವೇ? ಅಗತ್ಯವಾದರೆ ಏನನ್ನು ನೋಡಿ ಆರಿಸಬೇಕು? ಮಾರಾಟಗಾರರು ಎಂಟು ದಿನದೊಳಗೆ 5 ಲಕ್ಷ ಮುಂಗಡ ಕೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ)

ಬ್ಯಾಂಕಿನ ಪ್ಯಾನೆಲ್ ವಕೀಲರು ವರದಿ ಬರೆಯುವುದು ಬ್ಯಾಂಕಿಗೆ. ಸಾಲ ತೀರದಿದ್ದರೆ ಈ ಆಸ್ತಿಯಿಂದ ಹಣ ವಸೂಲಾಗುತ್ತದೆಯೇ ಎಂಬುದು ಅವರ ಮುಂದಿರುವ ಪ್ರಶ್ನೆ. ತಾವು ಕೈಯಿಂದ ಹಾಕುವ ಹಣ, ಮನೆ ಬಿಟ್ಟುಕೊಡುವ ದಿನ, ಸ್ಥಳದಲ್ಲಿರುವ ಗೋಡೆಗೂ ಪತ್ರದ ಚೆಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿ ವಿವರ) ಇರುವ ವ್ಯತ್ಯಾಸ, ಇವು ಅವರ ಜವಾಬ್ದಾರಿಯಲ್ಲ. ಅಲ್ಲದೆ ಅವರ ವರದಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಮುಂಗಡ ಕೊಟ್ಟು ಕರಾರು ಆಗಿಹೋಗಿರುತ್ತದೆ. ಆದ್ದರಿಂದ ಬೇರೆ ವಕೀಲರು ಬೇಕೇ ಬೇಕು, ಅದೂ ಮುಂಗಡಕ್ಕಿಂತ ಮೊದಲು. 58 ಲಕ್ಷದ ಮೇಲೆ ಶೇ 5ರಂತೆ ಮುದ್ರಾಂಕ ಶುಲ್ಕವೊಂದೇ 2 ಲಕ್ಷ 90 ಸಾವಿರ ಆಗುತ್ತದೆ. ಅಷ್ಟು ಕಟ್ಟುವವರು ವಕೀಲರ ಶುಲ್ಕದಲ್ಲಿ ಉಳಿಸಲು ಹೋಗಬಾರದು.

ಉತ್ತರ 2 (ಗೃಹಿಣಿ)

ದಲ್ಲಾಳಿ ತೋರಿಸಿದ ವಕೀಲರನ್ನೇ ನಂಬಿ ನಾವು ಪಟ್ಟ ಕಷ್ಟವನ್ನು ತಮಗೆ ಹೇಳಲೇಬೇಕು. ಅವರು 13 ವರ್ಷದ ಇ.ಸಿ. (ಋಣಭಾರ ಪ್ರಮಾಣ ಪತ್ರ) ತೆಗೆಸಿ, ಋಣಭಾರವೇನೂ ಇಲ್ಲ ಎಂದು ಬಾಯಿಮಾತಿನಲ್ಲಿಯೇ ಹೇಳಿದರು. ಮಾರಾಟಗಾರರ ವಂಶವೃಕ್ಷ ಎಂದು ನಮಗೆ ಕೊಟ್ಟಿದ್ದು ನೋಟರಿ ಮಾಡಿಸಿದ ಒಂದು ಅಫಿಡವಿಟ್‌ನ ಜೆರಾಕ್ಸ್ ಪ್ರತಿ. ಅದರಲ್ಲಿ ತಂದೆಯ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಇಬ್ಬರು ಗಂಡುಮಕ್ಕಳ ಹೆಸರು ಬರೆದಿತ್ತು. ಮೂರನೆಯ ಗೆರೆ ಇರಬೇಕಿತ್ತು ಎಂದು ನಮಗೆ ಹೊಳೆಯಲಿಲ್ಲ. ಗೃಹಪ್ರವೇಶವಾಗಿ ಐದು ತಿಂಗಳಿಗೆ ಆ ಮನೆಯ ಹೆಣ್ಣುಮಗಳು ಹೂಡಿದ್ದ ಪಾಲುವಿಭಾಗದ ದಾವೆಯಲ್ಲಿ ನಮ್ಮನ್ನೂ ಪ್ರತಿವಾದಿಗಳನ್ನಾಗಿ ಸೇರಿಸಿದ ನೋಟಿಸು ಬಂತು. ದಾವೆ ದಾಖಲಾಗಿದ್ದು ನಮ್ಮ ಕ್ರಯಪತ್ರಕ್ಕಿಂತ ಏಳು ತಿಂಗಳ ಹಿಂದೆ. ನೋಟಿಸು ಹಿಡಿದು ಆ ವಕೀಲರಲ್ಲಿಗೆ ಹೋದರೆ, ತಾವು ಮಾರಾಟಗಾರರ ಪರ ವಕೀಲರೆಂದೂ ಈಗ ನಮ್ಮ ಪರ ನಿಲ್ಲಲಾಗದೆಂದೂ ತಿಳಿಸಿದರು. ನಾಲ್ಕು ವರ್ಷವಾಯಿತು, ಇನ್ನೂ ವಾಯಿದೆಗೆ ಅಲೆಯುತ್ತಿದ್ದೇವೆ. ತಂಗಿಯರಿದ್ದಾರೆ ಎಂದು ಮೊದಲೇ ತಿಳಿದಿರುವ ತಾವು ಅವರನ್ನು ಕಣ್ಣಾರೆ ಕಂಡು ಮಾತನಾಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉತ್ತರ 3 (ಸಿವಿಲ್ ವಕೀಲ, ಚಿತ್ರದುರ್ಗ)

ಮೇಲಿನ ಸಹೋದರಿಯವರು ಬರೆದಿರುವುದು ತಮ್ಮ ಪ್ರಕರಣಕ್ಕೆ ನೇರವಾಗಿ ಅನ್ವಯಿಸುತ್ತದೆ. ಖಾತೆ ತೆರಿಗೆಗಾಗಿ ಇರುವ ದಾಖಲೆ. ಅದು ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಉಳಿದವರ ಹಕ್ಕು ಹೋಗುವುದಿಲ್ಲ. ಕುಟುಂಬ ಹಿಂದೂ ಆಗಿದ್ದು, ತಂದೆ ತಮ್ಮ ಸ್ವಯಾರ್ಜಿತ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಮಾರಾಟಗಾರರ ತಾಯಿ ಇದ್ದಾರೆಯೇ ಎಂಬುದನ್ನು ತಾವು ಬರೆದಿಲ್ಲ, ಅದನ್ನು ಮೊದಲು ವಿಚಾರಿಸಿ. ಇವರೆಲ್ಲರೂ ಮಾರಾಟಗಾರರಾಗಿಯೇ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಅದಕ್ಕೂ ಮೊದಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಿರಬೇಕು. ಬಿಳಿ ಹಾಳೆಯ ಮೇಲಿನ ಒಪ್ಪಿಗೆ ಪತ್ರವನ್ನು ಒಪ್ಪಬೇಡಿ.

ಇನ್ನು ವಕೀಲರ ಆಯ್ಕೆ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸಿರುವುದರಿಂದ ಒಳ್ಳೆಯವರ ಹೆಸರು ಬಾಯಿಂದ ಬಾಯಿಗೇ ತಿಳಿಯಬೇಕು. ಆದರೆ ಆ ಬಾಯಿ ಈ ವ್ಯವಹಾರದಲ್ಲಿ ಕಮಿಷನ್ ಪಡೆಯುವವರದಾಗಿರಬಾರದು. ನೋಂದಣಿಯಾದ ಮೇಲೆ ಮಾತ್ರ ಶುಲ್ಕ ಎಂಬ ಏರ್ಪಾಡನ್ನು ನಾನು ಒಪ್ಪುವುದಿಲ್ಲ, ಏಕೆಂದರೆ "ಈ ಮನೆ ಬೇಡ" ಎಂದು ಹೇಳಿದ ದಿನ ಆ ವಕೀಲರಿಗೆ ಏನೂ ಸಿಗುವುದಿಲ್ಲ. ಕೊಳ್ಳಿ ಎಂದರೂ ಬೇಡ ಎಂದರೂ ಒಂದೇ ಶುಲ್ಕ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಸಿವಿಲ್ ದಾವೆಗಳನ್ನು, ಅದರಲ್ಲೂ ಪಾಲುವಿಭಾಗದ ದಾವೆಗಳನ್ನು ನಡೆಸಿ ಗೊತ್ತಿರುವವರನ್ನು ಹುಡುಕಿ; ಪತ್ರ ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರು ನ್ಯಾಯಾಲಯದಲ್ಲಿ ಕಂಡಿರುತ್ತಾರೆ.

ಮೊದಲ ಭೇಟಿಯಲ್ಲಿಯೇ ಅವರು ಯಾವ ಪತ್ರಗಳನ್ನು ಕೇಳುತ್ತಾರೆ ಎಂಬುದನ್ನು ಗಮನಿಸಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಆದ್ದರಿಂದ 1986ರ ತಾಯಿಪತ್ರದ (ತಂದೆಯ ಮೂಲ ಕ್ರಯಪತ್ರದ) ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರದಲ್ಲಿ, ಚಿತ್ರದುರ್ಗ ಜಿಲ್ಲೆ, ದಾವಣಗೆರೆ ತಾಲ್ಲೂಕು ಎಂದಿರುತ್ತದೆ, ಹಳೆಯ ಮುನಿಸಿಪಲ್ ನಂಬರೂ ಇರಬಹುದು. ಆ ನಂಬರಿಗೂ ಇಂದಿನ ಇ-ಖಾತೆಯ ಆಸ್ತಿ ಸಂಖ್ಯೆಗೂ ಕೊಂಡಿ ಹಾಕಿ, ನಾಲ್ಕೂ ದಿಕ್ಕಿನ ಚೆಕ್ಕುಬಂದಿಯನ್ನು ಹೋಲಿಸಿ ನೋಡುವವರೇ ನಿಜವಾಗಿ ಪತ್ರ ಓದುವವರು. ಬಡಾವಣೆಯಾಗುವ ಮೊದಲು ಅದು ಹೊಲವಾಗಿದ್ದರೆ ಭೂಪರಿವರ್ತನೆ ಆದೇಶವನ್ನೂ ಮಂಜೂರಾದ ನಕ್ಷೆಯನ್ನೂ ಕೇಳಬೇಕು. ಅದು ಪರಿಶಿಷ್ಟರಿಗೆ ಮಂಜೂರಾಗಿದ್ದ ಜಮೀನಾಗಿದ್ದರೆ ಅಂಥ ಜಮೀನಿನ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ.

ಇ.ಸಿ.ಯನ್ನು ತಂದೆಯ ಕ್ರಯಪತ್ರದ ದಿನಾಂಕಕ್ಕಿಂತ ಹಿಂದಿನಿಂದ ತೆಗೆಸಿ. ಆದರೂ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲಾಗಲಿ ನಡೆಯುತ್ತಿರುವ ದಾವೆಯಾಗಲಿ ಅಲ್ಲಿ ಸಿಗುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಸಾರ. ಇ-ಕೋರ್ಟ್ಸ್ ಜಾಲತಾಣದಲ್ಲಿ ತಂದೆ, ತಾಯಿ, ಮಕ್ಕಳು ಎಲ್ಲರ ಹೆಸರಿನಲ್ಲಿ ಹುಡುಕಿಸಿ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆಯನ್ನೂ ಕೊಡಿಸಿ. ಇಷ್ಟನ್ನು ನೋಡಿ, ಯಾವ ಪತ್ರ ನೋಡಿದೆ, ಯಾವುದು ಸಿಗಲಿಲ್ಲ ಎಂದು ತಮ್ಮ ಹೆಸರಿಗೆ ಲಿಖಿತ ಅಭಿಪ್ರಾಯ ಕೊಡಲು ಹಿಂಜರಿಯುವವರು ತಮಗೆ ಬೇಡ. ಬೆಲೆ 50 ಲಕ್ಷ ದಾಟಿರುವುದರಿಂದ ಶೇ 1ರಷ್ಟು ಟಿಡಿಎಸ್ (ಮಾರಾಟಗಾರರಿಗೆ ಕೊಡುವ ಹಣದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವ ತಮ್ಮದು ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ವಿಚಾರಿಸಿದೆವು, ತಾಯಿಯವರು ಇದ್ದಾರೆ, ಕಿರಿಯ ಮಗಳ ಮನೆಯಲ್ಲಿದ್ದಾರೆ. ನಮ್ಮ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕರ ಪಾಲುವಿಭಾಗದ ದಾವೆ ನಡೆಸಿದ ವಕೀಲರನ್ನು ನಿನ್ನೆ ಕಂಡು ಬಂದೆವು. ಅವರು ಕೇಳಿದ ಮೊದಲ ಪತ್ರವೇ ತಂದೆಯ ಮರಣ ಪ್ರಮಾಣ ಪತ್ರ, ಎರಡನೆಯದು ತಹಶೀಲ್ದಾರ್ ಕಚೇರಿಯ ವಂಶವೃಕ್ಷ. ಅರ್ಧ ಶುಲ್ಕ ಕೊಟ್ಟಿದ್ದೇವೆ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಕರಾರಿಗೆ ಸಹಿ ಹಾಕುವ ದಿನವೇ ಮುಂಗಡವನ್ನು ಚೆಕ್ ಮೂಲಕ ಕೊಡುವುದಾಗಿ ಮಾರಾಟಗಾರರಿಗೆ ತಿಳಿಸಿದ್ದೇವೆ. ಅವರು ಮನೆಯವರನ್ನು ಕೇಳಿ ಹೇಳುವುದಾಗಿ ಸಮಯ ಕೇಳಿದ್ದಾರೆ.